ಮೊದಲು ಕಟ್ಟಿ, ಆಮೇಲೆ ಸಕ್ರಮ ಮಾಡಿಸಿಕೊಳ್ಳಿ!

ಬೆಂಗಳೂರಿನಲ್ಲಿ ಬಾಡಿಗೆ ಆದಾಯಕ್ಕೆಂದು ಮನೆ ಕಟ್ಟಿಸುವವರಿಗೆ ಸಲಹೆಗೇನೂ ಬರವಿಲ್ಲ. ಬ್ರೋಕರ್, ಮೇಸ್ತ್ರಿ, ಪಕ್ಕದ ಸೈಟಿನ ಮಾಲೀಕರು, ಹೆಂಡತಿಯ ಅಣ್ಣ, ಎಲ್ಲರೂ ಪರಿಣತರೇ. ಉಳಿದ ವಿಷಯಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಆಗದು. ಆದರೆ ಒಂದು ಮಾತಿಗೆ ಮಾತ್ರ ಎಲ್ಲರದೂ ಒಪ್ಪಿಗೆ: ‘ಪ್ಲಾನಿನಲ್ಲಿ ಎರಡೇ ಅಂತಸ್ತು ಇದ್ರೇನು, ನಾಲ್ಕು ಏರಿಸಿ ಸಾರ್. ಸೆಟ್‌ಬ್ಯಾಕ್ ಈಗ ಯಾರು ಬಿಡ್ತಾರೆ? ಅಕ್ರಮ-ಸಕ್ರಮ ಬಂದೇ ಬರುತ್ತೆ. ದಂಡ ಕಟ್ಟಿದ್ರೆ ಮುಗೀತು.’

ಮುಗಿಯುವುದಿಲ್ಲ.

ಈ ನಂಬಿಕೆಗೆ ಬುಡವೇ ಇಲ್ಲ ಎನ್ನುವಂತಿಲ್ಲ. ಅದಕ್ಕೆ ಗೊಬ್ಬರ ಹಾಕಿದ್ದು ಸರ್ಕಾರವೇ. ನಗರ ಪ್ರದೇಶಗಳ ಅನಧಿಕೃತ ಕಟ್ಟಡಗಳನ್ನು ಸಕ್ರಮಗೊಳಿಸಲು 1991ರಲ್ಲೇ ಒಂದು ಕಾಯ್ದೆ ಬಂದಿತ್ತು. 2007ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ತಿದ್ದುಪಡಿ ತಂದು ಮತ್ತೆ ಬಾಗಿಲು ತೆರೆಯಲಾಯಿತು. ವಾಸದ ಕಟ್ಟಡಗಳಲ್ಲಿ ಶೇ 50, ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮನ್ನಿಸುವುದು 2014ರ ನಿಯಮಗಳ ತಿರುಳು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇದನ್ನು ಎತ್ತಿಹಿಡಿದಾಗ ಊರೆಲ್ಲ ಸಂಭ್ರಮ. ಮರು ತಿಂಗಳೇ, 2017ರ ಜನವರಿ 13ರಂದು, ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಜನರಿಗೆ ಸಂಭ್ರಮ ನೆನಪಿದೆ, ತಡೆಯಾಜ್ಞೆ ನೆನಪಿಲ್ಲ.

ಅದಕ್ಕಿಂತ ದೊಡ್ಡ ತಮಾಷೆ ಬೇರೆಯೇ ಇದೆ. ಆ ಯೋಜನೆ 2013ರ ಅಕ್ಟೋಬರ್ 19ಕ್ಕೆ ಮುಂಚೆ ಎದ್ದ ಕಟ್ಟಡಗಳಿಗಷ್ಟೇ ಅನ್ವಯ. ಅಂದರೆ ನಾಳೆ ಬೆಳಿಗ್ಗೆ ತಡೆಯಾಜ್ಞೆ ತೆರವಾದರೂ ಈಗ ಮೋಲ್ಡ್ ಹಾಕಿಸುತ್ತಿರುವವರಿಗೆ ಅದರಿಂದ ನಯಾಪೈಸೆಯ ಉಪಯೋಗವಿಲ್ಲ. ಇಷ್ಟಾದರೂ ‘ಸಕ್ರಮ ಬರುತ್ತೆ’ ಎಂದು ಮೇಲೊಂದು ಅಂತಸ್ತು ಏರಿಸುತ್ತಲೇ ಇದ್ದಾರೆ, ಅದೂ ಬ್ಯಾಂಕ್ ಬಡ್ಡಿಗಿಂತ ದುಬಾರಿ ಕೈಸಾಲ ತಂದು.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಇನ್ನೊಂದು ಗಂಟು ಬಿಗಿಯಿತು. ಉತ್ತರ ಪ್ರದೇಶದ ಮೀರತ್‌ನಲ್ಲಿ ವಾಸಕ್ಕೆಂದು ಹಂಚಿದ ನಿವೇಶನದಲ್ಲಿ ಅಂಗಡಿಗಳೆದ್ದ ಪ್ರಕರಣ ಅದು. ಕಟ್ಟಡ ಹಳೆಯದು, ಅದಕ್ಕೆ ಬಹಳ ಹಣ ಸುರಿದಿದೆ, ಅಧಿಕಾರಿಗಳು ವರ್ಷಗಟ್ಟಲೆ ಸುಮ್ಮನಿದ್ದರು ಎಂಬ ಯಾವ ಕಾರಣವೂ ಅಕ್ರಮವನ್ನು ಸಕ್ರಮ ಮಾಡದು ಎಂದು ನ್ಯಾಯಪೀಠ ಖಂಡಿತವಾಗಿ ಹೇಳಿತು. ಸ್ವಾಧೀನಾನುಭವ ಪತ್ರ (ಓಸಿ) ನೋಡಿಯೇ ವಿದ್ಯುತ್, ನೀರು ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿದ ಮೇಲೆಯೇ ಸಾಲ ಮಂಜೂರು ಮಾಡಬೇಕು ಎಂದೂ ಆದೇಶಿಸಿತು.

ಆ ತೀರ್ಪಿನ ಬಿಸಿ 2025ರಲ್ಲಿ ಕರ್ನಾಟಕಕ್ಕೂ ತಟ್ಟಿತು. ಓಸಿ ಇಲ್ಲದ ಹೊಸ ಕಟ್ಟಡಗಳಿಗೆ ಕಾಯಂ ವಿದ್ಯುತ್ ಸಂಪರ್ಕ ನಿಂತುಹೋಯಿತು. ಬಣ್ಣ ಬಳಿದು ‘ಟು ಲೆಟ್’ ಬೋರ್ಡ್ ನೇತುಹಾಕಿದ ಮನೆಗಳು ಮೀಟರ್ ಇಲ್ಲದೆ ಖಾಲಿ ಬಿದ್ದವು. ಕೂಗು ಜೋರಾದ ಮೇಲೆ ಸರ್ಕಾರ ಸಣ್ಣ ಮನೆಗಳಿಗೆ ರಿಯಾಯಿತಿ ಕೊಟ್ಟಿತು: 1,200 ಚದರಡಿವರೆಗಿನ ನಿವೇಶನದಲ್ಲಿ ನೆಲಮಹಡಿಯ ಮೇಲೆ ಎರಡು, ಇಲ್ಲವೇ ಪಾರ್ಕಿಂಗ್ ಸ್ಟಿಲ್ಟ್‌ನ ಮೇಲೆ ಮೂರು ಅಂತಸ್ತಿನ ವಾಸದ ಮನೆಗೆ ಓಸಿ ಬೇಡ. ಸಲಹೆಗಾರರ ಬಾಯಲ್ಲಿ ಇದೂ ತಿರುಚಿಕೊಂಡಿದೆ. ‘ಥರ್ಟಿ ಫಾರ್ಟಿಗೆ ಏನೂ ಬೇಡವಂತೆ’ ಎನ್ನುವವರು ಅಂತಸ್ತಿನ ಮಿತಿಯನ್ನು ನುಂಗಿಬಿಡುತ್ತಾರೆ. ರಿಯಾಯಿತಿ ಓಸಿಗೇ ಹೊರತು ಪ್ಲಾನ್ ಮಂಜೂರಾತಿಗಲ್ಲ ಎಂಬುದನ್ನಂತೂ ಹೇಳುವುದೇ ಇಲ್ಲ.

ಹೂಡಿಕೆಯ ಲೆಕ್ಕದಲ್ಲೇ ನೋಡಿದರೂ ಈ ಸಾಹಸ ಗಿಟ್ಟುವಂಥದಲ್ಲ. ಹತ್ತು ಚದರದ ಒಂದು ಅಂತಸ್ತು, ಚದರಡಿಗೆ ಬರೀ 2,000 ರೂಪಾಯಿ ಎಂದು ಹಿಡಿದರೂ 20 ಲಕ್ಷ. ತಿಂಗಳಿಗೆ 20 ಸಾವಿರ ಬಾಡಿಗೆ ಬಂದರೆ ಅಸಲು ಕೈಸೇರಲು ಎಂಟು ವರ್ಷ ದಾಟಬೇಕು. ಬಡ್ಡಿ, ರಿಪೇರಿ, ಮನೆ ಖಾಲಿ ಬಿದ್ದ ತಿಂಗಳು ಬೇರೆ. ಅಷ್ಟರೊಳಗೆ ಮಾರಲು ಹೊರಟರೆ, ಬ್ಯಾಂಕ್ ಸಾಲ ಸಿಗದ ಆಸ್ತಿಗೆ ಪೂರ್ತಿ ಹಣ ಎಣಿಸಬಲ್ಲವರನ್ನೇ ಹುಡುಕಬೇಕು. ಅಂಥವರು ಚೌಕಾಸಿಯಲ್ಲಿ ಪಳಗಿದವರೇ ಆಗಿರುತ್ತಾರೆ.

‘ಪಕ್ಕದವರೂ ಕಟ್ಟಿಲ್ವಾ?’ ಎನ್ನುವುದು ಈ ವಾದದ ಕೊನೆಯ ಅಸ್ತ್ರ. ಪಕ್ಕದವರ ತಪ್ಪನ್ನು ತೋರಿಸಿ ತನಗೂ ಅದೇ ತಪ್ಪಿನ ಹಕ್ಕು ಬೇಕೆಂದರೆ ಸಂವಿಧಾನದ ಸಮಾನತೆಯ ವಿಧಿ ನೆರವಿಗೆ ಬರುವುದಿಲ್ಲ. ನ್ಯಾಯಾಲಯಗಳು ಇದನ್ನು ಹೇಳಿ ಹೇಳಿ ದಣಿದಿವೆ.

ಕಾಗದಪತ್ರದ ಮಾತು ಹಾಗಿರಲಿ, ಪಾಯಕ್ಕೆ ಯಾವ ಸಕ್ರಮವೂ ಗೊತ್ತಿಲ್ಲ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕುಸಿದ, ಇನ್ನೂ ಕೆಲಸ ನಡೆಯುತ್ತಿದ್ದ ಕಟ್ಟಡವನ್ನು ಅನುಮತಿಗಿಂತ ಹೆಚ್ಚು ಅಂತಸ್ತು ಏರಿಸಿ ಕಟ್ಟಲಾಗುತ್ತಿತ್ತು. ಸತ್ತವರು ಒಂಬತ್ತು ಮಂದಿ, ಅಲ್ಲಿ ದುಡಿಯುತ್ತಿದ್ದವರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಕೆಲಸ ಮುಗಿಯುವ ಮುನ್ನವೇ ಕುಸಿದ ಬಹುಮಹಡಿ ಕಟ್ಟಡ 19 ಜನರನ್ನು ಬಲಿ ತೆಗೆದುಕೊಂಡಿತು.

ಹಳೆಯ ಮನೆ ಕೊಂಡು ನವೀಕರಿಸುವವರ ಮೂಢನಂಬಿಕೆ ತಾರಸಿಯ ಮೇಲಿರುತ್ತದೆ. ಅಲ್ಲಿ ಮೊಳದುದ್ದ ಕಂಬಿ ಬಿಟ್ಟಿದ್ದರೆ ಸಾಕು, ‘ನೋಡಿ, ಇನ್ನೆರಡು ಫ್ಲೋರ್‌ಗೆ ಆಗಲೇ ರೆಡಿ ಮಾಡಿಟ್ಟಿದ್ದಾರೆ’ ಎಂದು ಬ್ರೋಕರ್ ಕೈ ಚಾಚುತ್ತಾರೆ. ಆ ಕಂಬಿ ಹೇಳುವುದು ಹಳೆಯ ಮಾಲೀಕರಿಗೆ ಆಸೆಯಿತ್ತು ಎಂಬುದನ್ನಷ್ಟೇ. ಕೆಳಗಿನ ಪಾಯ ಎಷ್ಟು ಅಗಲ, ಮಣ್ಣು ಎಷ್ಟು ಭಾರ ತಡೆಯುತ್ತದೆ, ಕಾಲಂ ಒಳಗೆ ಯಾವ ದಪ್ಪದ ಸರಳಿದೆ, ಇದಾವುದೂ ಅದರಲ್ಲಿ ಬರೆದಿಲ್ಲ. ಹತ್ತಾರು ಮಳೆಗಾಲ ಬಯಲಲ್ಲಿ ನಿಂತು ತುಕ್ಕು ಹಿಡಿದ ಕಂಬಿಯ ಮೇಲೆ ಹೊಸ ಕಾಲಂ ಎಬ್ಬಿಸಿದರೆ ತೊಂದರೆ ಬೇರೆಯೇ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದಲೇ ಕಾಂಕ್ರೀಟ್ ಸೀಳುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಂತೂ ಎಷ್ಟೋ ಕಡೆ ಕಾಲಂಗಳೇ ಇಲ್ಲ, ಭಾರವೆಲ್ಲ ಗೋಡೆಯ ಮೇಲೆ. ಕಾರು ನಿಲ್ಲಿಸಲೆಂದೋ ಅಂಗಡಿಯ ಶಟರ್‌ಗೆಂದೋ ಅಲ್ಲಿ ಗೋಡೆ ಒಡೆಸುವುದೆಂದರೆ ಮಹಡಿಯ ಆಧಾರವನ್ನೇ ಕೀಳಿಸಿದಂತೆ.

ಇನ್ನುಳಿದ ಭ್ರಮೆಗಳಿಗೆ ಒಂದೊಂದು ಸಾಲು ಸಾಕು. ಸಿಮೆಂಟ್ ಸುರಿದಷ್ಟೂ ಗಟ್ಟಿ ಎಂಬುದು ಸುಳ್ಳು. ಸಿಮೆಂಟಿಗೆ ನೀರು ಎಷ್ಟು ಎಂಬುದರ ಮೇಲೆ ಬಲ ನಿಂತಿದೆ, ಅತಿಯಾದ ಸಿಮೆಂಟ್ ಬಿರುಕು ತರುತ್ತದೆ. ಮೂರು ದಿನ ಕ್ಯೂರಿಂಗ್ ಸಾಲದು. ಸಾದಾ ಸಿಮೆಂಟಿಗೆ ಕನಿಷ್ಠ ಏಳು ದಿನ, ಹಾರುಬೂದಿ ಬೆರೆಸಿದ್ದಕ್ಕೆ ಕನಿಷ್ಠ ಹತ್ತು ದಿನ ಎನ್ನುತ್ತದೆ ಭಾರತೀಯ ಮಾನಕ. ಎಂ-ಸ್ಯಾಂಡ್ ಕಳಪೆಯಲ್ಲ, 2016ರ ಪರಿಷ್ಕೃತ ಮಾನಕವೇ ಅದನ್ನು ಒಪ್ಪಿದೆ. ಕಳಪೆಯಾಗಿರುವುದು ಎಂ-ಸ್ಯಾಂಡ್ ಹೆಸರಲ್ಲಿ ಬರುವ ಕ್ರಷರ್ ಧೂಳು. ಕಂದಾಯದ ರಸೀದಿ ಕಟ್ಟಡಕ್ಕೆ ಕೊಟ್ಟ ಅನುಮತಿಯಲ್ಲ. ಖಾತೆ ‘ಬಿ’ಯಿಂದ ‘ಎ’ ಆದರೂ ಪ್ಲಾನ್ ಮೀರಿ ಎಬ್ಬಿಸಿದ ಅಂತಸ್ತಿಗೆ ಮಾಫಿ ಸಿಗದು.

ಇದನ್ನೆಲ್ಲ ನಂಬುವವರಲ್ಲಿ ಯಾರೂ ದಡ್ಡರಲ್ಲ ಎಂಬುದೇ ಬೇಸರದ ಸಂಗತಿ. ಐನೂರು ರೂಪಾಯಿಯ ಮಿಕ್ಸಿಗೆ ಗ್ಯಾರಂಟಿ ಕಾರ್ಡ್ ಕೇಳುವವರು, ಮಗಳ ಮದುವೆಗೆ ಮೂರು ಕಡೆ ಜಾತಕ ತೋರಿಸುವವರು, ಸಂಪಿನ ಮೂಲೆಗೆ ಇಬ್ಬರು ವಾಸ್ತು ಪಂಡಿತರ ಅಭಿಪ್ರಾಯ ಪಡೆಯುವವರು, ಅರ್ಧ ಕೋಟಿಯ ಕಟ್ಟಡಕ್ಕೆ ಮಾತ್ರ ‘ಏನಾಗಲ್ಲ ಸಾರ್’ ಎಂಬ ಎರಡು ಪದವನ್ನು ನೆಚ್ಚುತ್ತಾರೆ. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕೊಡುವ ಶುಲ್ಕ ದಂಡವೆಂದು ಗೊಣಗುವವರು, ಮುಂದೆ ಎಂದೋ ಕಟ್ಟಬೇಕಾದ ನಿಜವಾದ ದಂಡವನ್ನು ಉಳಿತಾಯದಂತೆ ಎಣಿಸುತ್ತಾರೆ.

ಹಳೆಯ ಕಟ್ಟಡ ಕೊಂಡು ಮೇಲೆ ಏರಿಸುವ ಯೋಚನೆಯಿದ್ದರೆ ಮಂಜೂರಾದ ಪ್ಲಾನಿನ ಪ್ರತಿ, ಸ್ಟ್ರಕ್ಚರಲ್ ಡ್ರಾಯಿಂಗ್, ಓಸಿ ಕೇಳಿ ಪಡೆಯಿರಿ. ಡ್ರಾಯಿಂಗ್ ಇಲ್ಲವೆಂದರೆ ಎಂಜಿನಿಯರ್‌ರಿಂದ ಪಾಯದ ಪಕ್ಕ ಗುಂಡಿ ತೆಗೆಸಿ ಅಳತೆ ಮಾಡಿಸಿ, ಕಾಂಕ್ರೀಟನ್ನು ಪರೀಕ್ಷೆ ಮಾಡಿಸಿ. ಅವರ ವರದಿ ಲಿಖಿತವಾಗಿ ಕೈಗೆ ಬರುವ ತನಕ ಒಂದು ರೂಪಾಯಿ ಅಡ್ವಾನ್ಸ್ ಕೂಡ ಕೊಡಬೇಡಿ.