ಸಲ್ಫೇಟು ಖನಿಜಗಳನ್ನು ಗುರುತಿಸುವ ಬಗೆ

ಪ್ರಯೋಗಶಾಲೆಯ ಮೇಜಿನ ಮೇಲೆ ಬಿಳುಪಾದ ನಾಲ್ಕು ಕಲ್ಲುಗಳನ್ನಿಟ್ಟು ಅವುಗಳ ಹೆಸರನ್ನು ಕೇಳಿದರೆ, ವಿದ್ಯಾರ್ಥಿಯು ಸಾಮಾನ್ಯವಾಗಿ ಬಣ್ಣವನ್ನೇ ನಂಬಿ ಮೋಸಹೋಗುತ್ತಾನೆ. ಸಲ್ಫೇಟು ಖನಿಜಗಳ ವಿಷಯದಲ್ಲಿ ಬಣ್ಣದ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ಆದುದರಿಂದ ಕಾಠಿಣ್ಯ, ಸಾಪೇಕ್ಷ ಸಾಂದ್ರತೆ, ಸೀಳು, ಆಮ್ಲ ಮತ್ತು ಜ್ವಾಲೆಗಳ ಪರೀಕ್ಷೆ, ಖನಿಜವು ದೊರೆಯುವ ನೆಲೆ ಇವುಗಳನ್ನು ಕ್ರಮವಾಗಿ ವಿಚಾರಿಸುವ ವಿಧಾನವನ್ನು ಇಲ್ಲಿ ನಿರೂಪಿಸುತ್ತೇವೆ.

ಗಂಧಕದ ಒಂದು ಪರಮಾಣುವನ್ನು ಆಮ್ಲಜನಕದ ನಾಲ್ಕು ಪರಮಾಣುಗಳು ಸುತ್ತುವರಿದ ಗುಂಪೇ ಸಲ್ಫೇಟು. ಇದು ಕ್ಯಾಲ್ಸಿಯಂ, ಬೇರಿಯಂ, ಸ್ಟ್ರಾನ್ಷಿಯಂ, ಸೀಸ ಮುಂತಾದ ಲೋಹಗಳೊಡನೆ ಕೂಡಿ ಖನಿಜವಾಗುತ್ತದೆ. ಇಂತಹ ಖನಿಜಗಳು ಬಹುಮಟ್ಟಿಗೆ ಮೃದುವಾದವು. ಮೋಸ್ ಎಂಬ ವಿದ್ವಾಂಸನು 1812ರಲ್ಲಿ ರೂಪಿಸಿದ ಕಾಠಿಣ್ಯಮಾನದಲ್ಲಿ ಸಾಮಾನ್ಯವಾಗಿ 4ನ್ನು ಮೀರುವುದಿಲ್ಲ.

ಮೊದಲು ಕಲ್ಲಿನ ಮೇಲೆ ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿಯನ್ನು ಬಿಡಬೇಕು. ಕ್ಯಾಲ್ಸೈಟು ನೊರೆಯುಕ್ಕಿಸುತ್ತದೆ, ಸಲ್ಫೇಟು ಸುಮ್ಮನಿರುತ್ತದೆ. ಅನಂತರ ಕಲ್ಲಿನ ಪುಡಿಯನ್ನು ಸೋಡದೊಡನೆ ಬೆರೆಸಿ, ಇದ್ದಲಿನ ಮೇಲೆ ಊದುಗೊಳವೆಯ ಜ್ವಾಲೆಯಿಂದ ಕರಗಿಸಿ, ಆ ಮುದ್ದೆಯನ್ನು ಶುಭ್ರವಾದ ಬೆಳ್ಳಿಯ ಮೇಲಿಟ್ಟು ನೀರಿನಿಂದ ತೋಯಿಸಿದರೆ ಕಪ್ಪು ಕಲೆ ಮೂಡುತ್ತದೆ. ಸಲ್ಫೈಡುಗಳೂ ಇದೇ ಕಲೆಯನ್ನು ಕೊಡುತ್ತವೆ. ಆದರೆ ಅವು ತೆರೆದ ಕೊಳವೆಯಲ್ಲಿ ಕಾಯಿಸಿದಾಗ ಉರಿಯುವ ಗಂಧಕದ ಘಾಟನ್ನು ಬೀರುವುದರಿಂದ ಬೇರೆಯಾಗಿ ತಿಳಿಯುತ್ತವೆ.

ಜಿಪ್ಸಮ್ಮನ್ನು ಗುರುತಿಸುವುದು ಸುಲಭ. ಕಾಠಿಣ್ಯ 2, ಉಗುರಿನಿಂದಲೇ ಗೀರಬಹುದು. ಇದರ ತೆಳುವಾದ ಹಾಳೆಗಳು ಬಾಗುತ್ತವೆ, ಆದರೆ ಕಾಗೆಬಂಗಾರದಂತೆ ಮತ್ತೆ ನೆಟ್ಟಗಾಗುವುದಿಲ್ಲ. ತೂಕದಲ್ಲಿ ಸುಮಾರು 21 ಪಾಲು ನೀರೇ ಆಗಿರುವುದರಿಂದ, ಮುಚ್ಚಿದ ಕೊಳವೆಯಲ್ಲಿ ಕಾಯಿಸಿದರೆ ಮೇಲ್ಭಾಗದಲ್ಲಿ ಹನಿಗಟ್ಟುತ್ತದೆ. ಅನ್‌ಹೈಡ್ರೈಟು ಇದೇ ಕ್ಯಾಲ್ಸಿಯಂ ಸಲ್ಫೇಟಿನ ನಿರ್ಜಲ ರೂಪ. ಕಾಠಿಣ್ಯ 3ರಿಂದ 3.5, ಸಾಂದ್ರತೆ ಸುಮಾರು 2.9. ಪರಸ್ಪರ ಲಂಬವಾದ ಮೂರು ದಿಕ್ಕುಗಳಲ್ಲಿ ಸೀಳುತ್ತದೆ.

ಈ ಎರಡರ ಭೇದವನ್ನು ಅರಿಯುವುದು ಕೇವಲ ಪರೀಕ್ಷೆಯ ಅಂಕಗಳ ಮಾತಲ್ಲ. ಅನ್‌ಹೈಡ್ರೈಟು ನೀರನ್ನು ಹೀರಿ ಜಿಪ್ಸಮ್ ಆಗುವಾಗ ಅದರ ಗಾತ್ರ ನೂರಕ್ಕೆ ಸುಮಾರು 60ರಷ್ಟು ಹೆಚ್ಚುತ್ತದೆ. ಜರ್ಮನಿಯ ಸ್ಟೌಫೆನ್ ಪಟ್ಟಣದಲ್ಲಿ 2007ರಲ್ಲಿ ಭೂಶಾಖಕ್ಕಾಗಿ ಕೊಳವೆಗಳನ್ನು ಕೊರೆದಾಗ ಅನ್‌ಹೈಡ್ರೈಟಿನ ಸ್ತರಕ್ಕೆ ನೀರು ನುಗ್ಗಿತು. ನೆಲವು ಉಬ್ಬಿ, 200ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟವು.

ಬೆರೈಟನ್ನು ಕೈಗೆತ್ತಿಕೊಂಡೊಡನೆಯೇ ಅದರ ಭಾರವು ಬೆರಗುಗೊಳಿಸುತ್ತದೆ, ಸಾಂದ್ರತೆ 4.5. ಸೆಲಸ್ಟೈಟು ಸ್ವಲ್ಪ ಹಗುರ, ಸುಮಾರು 3.97. ರೂಪದಿಂದ ಇವೆರಡನ್ನು ಬೇರ್ಪಡಿಸಲಾಗದಿದ್ದರೆ, ಇದ್ದಲಿನ ಮೇಲೆ ಕಾಯಿಸಿದ ಪುಡಿಯನ್ನು ಆಮ್ಲದಲ್ಲಿ ನೆನೆಸಿ ಪ್ಲಾಟಿನಂ ತಂತಿಯಿಂದ ಜ್ವಾಲೆಗೆ ಹಿಡಿಯಬೇಕು: ಬೇರಿಯಮ್ಮಿಗೆ ಹಳದಿ ಬೆರೆತ ಹಸುರು, ಸ್ಟ್ರಾನ್ಷಿಯಮ್ಮಿಗೆ ಕಡುಗೆಂಪು. ಸೀಸದ ಸಲ್ಫೇಟಾದ ಆಂಗ್ಲಸೈಟು ಇನ್ನೂ ಭಾರ, 6.3ಕ್ಕೆ ಕಡಿಮೆಯಿಲ್ಲ.

ನೆಲೆಯೂ ಒಂದು ಸಾಕ್ಷಿಯೇ. ಸಮುದ್ರಜಲವು ಆವಿಯಾಗುತ್ತ ಬಂದಾಗ ಮೊದಲು ಕಾರ್ಬೊನೇಟು, ಬಳಿಕ ಜಿಪ್ಸಮ್, ಅನಂತರ ಅಡಿಗೆಯುಪ್ಪು ತಳಕ್ಕಿಳಿಯುತ್ತವೆ; ಆದುದರಿಂದ ಉಪ್ಪಿನ ಸ್ತರಗಳ ನೆರೆಯಲ್ಲಿ ಜಿಪ್ಸಮ್ಮನ್ನು ನಿರೀಕ್ಷಿಸಬಹುದು. ಆಂಗ್ಲಸೈಟು ಸೀಸದ ಅದಿರಾದ ಗೆಲೀನವು ಗಾಳಿ ನೀರುಗಳಿಗೆ ಸಿಕ್ಕಿ ಮಾರ್ಪಟ್ಟಲ್ಲಿ ದೊರೆಯುತ್ತದೆ. ಬೆರೈಟು ಅದಿರಿನ ಸಿರಗಳಲ್ಲಿಯೂ, ಆಂಧ್ರಪ್ರದೇಶದ ಮಂಗಂಪೇಟೆಯಲ್ಲಿರುವಂತೆ ದೊಡ್ಡ ಸ್ತರಗಳಾಗಿಯೂ ಇರುತ್ತದೆ.

ನಮ್ಮ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಬೆರೈಟಂತೂ 300 ಕೋಟಿ ವರ್ಷಗಳಿಗೂ ಹಿಂದಿನದು. ವಾಯುಮಂಡಲದಲ್ಲಿ ಆಮ್ಲಜನಕವು ಅತ್ಯಲ್ಪವಾಗಿದ್ದ ಆ ಯುಗದಲ್ಲಿಯೂ ನೀರಿನಲ್ಲಿ ಸಲ್ಫೇಟು ಇದ್ದಿತೆಂಬುದಕ್ಕೆ ಅದು ಪ್ರಮಾಣವಾಗಿದೆ. ನೆಲೆಯ ಚೀಟಿಯಿಲ್ಲದೆ ಕಪಾಟು ಸೇರಿದ ಮಾದರಿಯು ಇಂತಹ ಸಂಗತಿಯನ್ನು ತಿಳಿಸಲಾರದು. ಆದಕಾರಣ ವಿದ್ಯಾರ್ಥಿಗಳು ಮಾದರಿಯನ್ನು ಸಂಗ್ರಹಿಸಿದ ಸ್ಥಳದಲ್ಲಿಯೇ ಅದರ ನೆಲೆಯನ್ನೂ ನೆರೆಯ ಶಿಲೆಗಳನ್ನೂ ಬರೆದಿಡುವ ಅಭ್ಯಾಸವನ್ನು ಮಾಡಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ.