ಪರದೇಶದ ಪೇಟೆಯಲ್ಲಿ ನಮ್ಮ ರೂಪಾಯಿ

ವಿಜಯಪುರದ ಎರಡನೆಯ ಅಲಿ ಆದಿಲಶಾಹನು ಬೆಳ್ಳಿಯ ತಂತಿಯನ್ನು ಮಡಿಚಿ ಪಾರಸಿ ಪದ್ಧತಿಯ ‘ಲಾರಿ’ ನಾಣ್ಯವನ್ನು ಹೊರಡಿಸಿದನು. ಕಡಲಾಚೆಯ ವರ್ತಕನು ನಂಬುವ ಹಣವೇ ವ್ಯಾಪಾರಕ್ಕೆ ಬೇಕೆಂಬುದನ್ನು ಅಂದಿನವರು ಬಲ್ಲವರಾಗಿದ್ದರು. ಇಂದು ಮಕ್ಕೆಗೆ ಯಾತ್ರೆ ಹೊರಟ ನಗರವಾಸಿಯ, ದುಬೈಯ ಪೇಟೆಯನ್ನು ನೋಡಹೊರಟ ತಿಕೋಟೆ–ಬಬಲೇಶ್ವರಗಳ ದ್ರಾಕ್ಷಿ ಬೆಳೆಗಾರನ ಕಿಸೆಯಲ್ಲಿರುವುದು ಒಂದು ಕಾರ್ಡು ಮಾತ್ರ.

1967ರಲ್ಲಿ ಲಂಡನ್ನಿನ ಎನ್‌ಫೀಲ್ಡಿನಲ್ಲಿ ಸ್ಥಾಪಿತವಾದ ಹಣದ ಯಂತ್ರವನ್ನು ಯೋಜಿಸಿದ ಶೆಫರ್ಡ್ ಬ್ಯಾರನ್ನರು ಹುಟ್ಟಿದುದು ನಮ್ಮ ಶಿಲ್ಲಾಂಗಿನಲ್ಲಿ. ಆದರೂ ಆ ಯಂತ್ರದ ಮುಂದೆ ನಮ್ಮವರೇ ಕಂಗೆಡುವರು. 2020ರ ರಿಜರ್ವ ಬ್ಯಾಂಕಿನ ಅಪ್ಪಣೆಯಂತೆ ಹೊಸ ಕಾರ್ಡು ಸ್ವದೇಶದಲ್ಲಿ ಮಾತ್ರ ನಡೆಯುವುದು. ಪರದೇಶದಲ್ಲಿ ನಡೆಯಬೇಕಾದರೆ ಒಡೆಯನೇ ಮೊದಲು ಅನುಮತಿಯಿತ್ತಿರಬೇಕು. ಇದನ್ನು ಊರಲ್ಲಿಯೇ ಮುಗಿಸದವನು ಅಲ್ಲಿ ಬರಿಗೈಯಲ್ಲಿ ನಿಲ್ಲುವನು.

ಇದಕ್ಕಿಂತಲೂ ಸೂಕ್ಷ್ಮವಾದ ಬಲೆ ಮತ್ತೊಂದುಂಟು. “ಲೆಕ್ಕವನ್ನು ರೂಪಾಯಿಯಲ್ಲಿ ಹಿಡಿಯೋಣವೇ?” ಎಂದು ಯಂತ್ರವು ಕೇಳುವುದು. ಸ್ವದೇಶಾಭಿಮಾನಿಯು ಸಂತೋಷದಿಂದ ಒಪ್ಪುವನು. ಒಪ್ಪಿದೊಡನೆ ಯಂತ್ರದವರು ತಮ್ಮ ಇಷ್ಟದ ದರವನ್ನು ಹಚ್ಚುವರು. ಆ ದರವು ಸಾಮಾನ್ಯವಾಗಿ ನಮಗೆ ನಷ್ಟದ್ದೇ. ಅಲ್ಲಿಯ ನಾಣ್ಯದಲ್ಲಿಯೇ ಲೆಕ್ಕವಾಗಲಿ ಎಂದು ಉತ್ತರಿಸುವುದೇ ಜಾಣತನ. ಪ್ರತಿಸಲವೂ ಶುಲ್ಕ ಬೀಳುವುದರಿಂದ, ಹತ್ತು ಸಲ ತೆಗೆಯುವುದಕ್ಕಿಂತ ಬೇಕಾದಷ್ಟನ್ನು ಒಮ್ಮೆಲೇ ತೆಗೆಯುವುದು ಲೇಸು.

ರೂಪಾಯಿಯ ಹೆಸರಿಗೆ ಮರುಳಾಗುವುದು ದೇಶಾಭಿಮಾನವಲ್ಲ. ಬೆವರು ಸುರಿಸಿ ಗಳಿಸಿದ ರೂಪಾಯಿಯನ್ನು ಕಾಯುವುದೇ ದೇಶಾಭಿಮಾನ. ಕಾರ್ಡು ಕೊಡುವ ಬ್ಯಾಂಕುಗಳು ಈ ನಾಲ್ಕು ಮಾತುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೈಗಿಡಬಾರದೇಕೆ? ನಮ್ಮ ಹಣವನ್ನು ಇಟ್ಟುಕೊಂಡವರು ನಮ್ಮ ಭಾಷೆಯಲ್ಲಿ ಎಚ್ಚರಿಕೆ ಹೇಳುವುದು ಉಪಕಾರವಲ್ಲ, ಕರ್ತವ್ಯ.