ಸರ್ವರ್‌ಗೆ ಹಾಕಿದ ದೊಡ್ಡ ಡಿಸ್ಕ್ ಪೂರ್ತಿ ಕಾಣದಿದ್ದರೆ ಏನು ಮಾಡಬೇಕು?



ಹಳೆಯ ಸ್ಮರಣ ಸಂಚಿಕೆ, ನಾಟಕದ ಫೋಟೊ, ಶಾಲೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಇಡಲು ಹೊರಟರೆ ಡಿಸ್ಕ್ ಬೇಗ ತುಂಬುತ್ತದೆ. ಒಂದೇ ಸರ್ವರ್‌ನಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿ ಹಲವು ವರ್ಚುವಲ್ ಮಷಿನ್ ನಡೆಸುವ ಸಂಘಗಳಿಗಾಗಿ ಈ ಮಾಹಿತಿ.

ಹೊಸ ಡಿಸ್ಕಿನ ಜಾಗ ನಿಮ್ಮ ಫೋಲ್ಡರ್‌ಗೆ ಬರಬೇಕಾದರೆ ಹಲವು ಹಂತ ದಾಟಬೇಕು. ಎಲ್ಲಿ ನಿಂತಿದೆ ಎಂದು ಕೆಳಗಿನಿಂದ ಮೇಲಕ್ಕೆ ನೋಡುತ್ತ ಬನ್ನಿ. ಅದಕ್ಕೂ ಮೊದಲು ಇರುವ ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಅದೂ ಅದೇ ಡಿಸ್ಕಿನಲ್ಲಿರುತ್ತದೆ.

1. ಡಿಸ್ಕ್ ಕಾಣುತ್ತಲೇ ಇಲ್ಲವೇ? ಕೇಬಲ್ ನೋಡಿ. ಕೆಲವು ಹೊಸ ದೊಡ್ಡ ಡಿಸ್ಕ್‌ಗಳಲ್ಲಿ ಸಾಟಾ ಪವರ್‌ನ ಮೂರನೇ ಪಿನ್ ಡಿಸ್ಕನ್ನು ಆಫ್ ಮಾಡಲು ಬಳಕೆಯಾಗುತ್ತದೆ. ಹಳೆಯ ಪವರ್ ಸಪ್ಲೈ ಆ ಪಿನ್‌ಗೆ 3.3 ವೋಲ್ಟ್ ಕೊಡುವುದರಿಂದ ಡಿಸ್ಕ್ ತಿರುಗುವುದೇ ಇಲ್ಲ. ಮೊಲೆಕ್ಸ್‌ನಿಂದ ಸಾಟಾಗೆ ಬರುವ ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ.

2. ಅಳತೆ ತಪ್ಪಾಗಿದೆಯೇ? 4 ಟಿಬಿ ಡಿಸ್ಕ್ 3.63 ಎಂದು ಕಂಡರೆ ದೋಷವಲ್ಲ, ಲೆಕ್ಕ ಹಾಕುವ ರೀತಿ ಬೇರೆ ಅಷ್ಟೇ. 3 ಟಿಬಿ ಡಿಸ್ಕ್ 746 ಜಿಬಿ ಎಂದು ಕಂಡರೆ ಹಳೆಯ ಕಂಟ್ರೋಲರ್ ಅಥವಾ ಅದರ ಡ್ರೈವರ್ ಮೇಲೆ ಅನುಮಾನ ಪಡಿ.

3. 2 ಟಿಬಿಗೇ ನಿಂತಿದೆಯೇ? ಇದು ಎಲ್ಲಕ್ಕಿಂತ ಸಾಮಾನ್ಯ. ಹಳೆಯ ಎಂಬಿಆರ್ ಪಟ್ಟಿಯಲ್ಲಿ ಸೆಕ್ಟರ್ ಎಣಿಕೆಗೆ 32 ಬಿಟ್ ಮಾತ್ರ. ಅಂದರೆ ಸುಮಾರು 429 ಕೋಟಿ ಸೆಕ್ಟರ್. ಒಂದಕ್ಕೆ 512 ಬೈಟ್‌ನಂತೆ 2.2 ಟಿಬಿಗೆ ಲೆಕ್ಕ ಮುಗಿಯಿತು. ಜಿಪಿಟಿಗೆ ಈ ತೊಂದರೆ ಇಲ್ಲ. ಪ್ರಾಕ್ಸ್‌ಮಾಕ್ಸ್‌ನ ಡಿಸ್ಕ್ಸ್ ಪುಟದಲ್ಲಿ ಖಾಲಿ ಡಿಸ್ಕನ್ನು ಜಿಪಿಟಿಗೆ ಸಿದ್ಧಪಡಿಸುವ ಗುಂಡಿ ಇದೆ. ಅದನ್ನು ಒತ್ತುವ ಮೊದಲು ಪರದೆಯಲ್ಲಿನ ಸೀರಿಯಲ್ ನಂಬರನ್ನು ಡಿಸ್ಕಿನ ಚೀಟಿಯೊಂದಿಗೆ ಹೋಲಿಸಿ. ಬೇರೆ ಡಿಸ್ಕನ್ನು ಅಳಿಸಿದರೆ ವರ್ಷಗಳ ಸ್ಕ್ಯಾನ್ ಒಂದೇ ಕ್ಷಣದಲ್ಲಿ ಹೋಗುತ್ತದೆ.

4. ಸರ್ವರ್‌ಗೆ ಕಾಣುತ್ತದೆ, ವರ್ಚುವಲ್ ಮಷಿನ್‌ಗೆ ಕಾಣುವುದಿಲ್ಲವೇ? ಹೊಸ ಡಿಸ್ಕಿನ ಮೇಲೆ ಸ್ಟೋರೇಜ್ ರಚಿಸಿ, ಮಷಿನ್‌ನ ಹಾರ್ಡ್‌ವೇರ್ ಪುಟದಿಂದ ಕಡತಗಳಿಗೆಂದೇ ಎರಡನೆಯ ವರ್ಚುವಲ್ ಡಿಸ್ಕ್ ಸೇರಿಸಿ. ಅದು 2 ಟಿಬಿಗಿಂತ ದೊಡ್ಡದಾದರೆ ಮಷಿನ್‌ನ ಒಳಗೂ ಜಿಪಿಟಿ ಬೇಕು. ಬಹಳ ಮಂದಿ ಮರೆಯುವುದು ಇದನ್ನೇ.

5. ಇದ್ದ ವರ್ಚುವಲ್ ಡಿಸ್ಕನ್ನೇ ಹಿಗ್ಗಿಸಿದರೂ ಜಾಗ ಬರಲಿಲ್ಲವೇ? ಒಳಗಿನ ಪಾರ್ಟಿಷನ್ ಮತ್ತು ಫೈಲ್ ಸಿಸ್ಟಂ ತಾವಾಗಿ ಬೆಳೆಯುವುದಿಲ್ಲ. ಲಿನಕ್ಸ್‌ನಲ್ಲಿ ಮೊದಲು ಪಾರ್ಟಿಷನ್, ಎಲ್‌ವಿಎಂ ಇದ್ದರೆ ಅದು, ಕೊನೆಗೆ ಫೈಲ್ ಸಿಸ್ಟಂ ಹಿಗ್ಗಿಸಿ. ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಕು. ನಡುವೆ ರಿಕವರಿ ಪಾರ್ಟಿಷನ್ ಅಡ್ಡವಿದ್ದರೆ ಮಾತ್ರ ಹಿಗ್ಗುವುದಿಲ್ಲ. ಪ್ರಾಕ್ಸ್‌ಮಾಕ್ಸ್‌ನ ಪರದೆಯಿಂದ ಹಿಗ್ಗಿಸಿದ್ದನ್ನು ಮತ್ತೆ ಕುಗ್ಗಿಸಲು ಬರುವುದಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.

ಕೊನೆಯದಾಗಿ, ಥಿನ್ ವಿಧಾನದಲ್ಲಿ ಇರುವುದಕ್ಕಿಂತ ಹೆಚ್ಚು ಜಾಗವನ್ನು ಮಷಿನ್‌ಗಳಿಗೆ ಹಂಚಬಹುದು. ಆದರೆ ನಿಜವಾದ ಡಿಸ್ಕ್ ತುಂಬಿದ ದಿನ ಅದನ್ನು ನಂಬಿದ ಮಷಿನ್‌ಗಳೆಲ್ಲ ಒಟ್ಟಿಗೆ ಬರೆಯಲಾಗದೆ ನಿಲ್ಲುತ್ತವೆ. ತಿಂಗಳಿಗೊಮ್ಮೆ ಉಳಿದ ಜಾಗ ನೋಡಿ, ಬ್ಯಾಕಪ್‌ನಿಂದ ಒಂದು ಕಡತವನ್ನು ತೆರೆದು ಪರೀಕ್ಷಿಸಿ. ಎರಡನೇ ಪ್ರತಿ ಬೇರೆ ಕಟ್ಟಡದಲ್ಲಿರಲಿ, ಸಾಧ್ಯವಾದರೆ ಬೇರೆ ಊರಿನ ಸದಸ್ಯರ ಬಳಿ.